ಹುಲ್ಲುಹಾಸಿನ ಡೇರೆ, ಟ್ರಸ್ಟಿಗಳ ಮೇಜು, ನಿನ್ನ ಐ-20

ಶಿಡ್ಲಘಟ್ಟದಿಂದ ಆಗಸ್ಟ್‌ಗೆ ಎಂ.ಎಸ್. ಓದಲು ಅಮೆರಿಕಕ್ಕೆ ಹೊರಟಿದ್ದೀಯ. ನೀನು ಕೇಳಿದ್ದು ಇಷ್ಟು: "ಅಕ್ಕಾ, ಗಾಜಾ ಯುದ್ಧದ ವಿಚಾರಕ್ಕೆ ಅಲ್ಲಿನ ವಿದ್ಯಾರ್ಥಿಗಳು ಕ್ಯಾಂಪಸ್‌ನಲ್ಲಿ ಟೆಂಟ್ ಹಾಕಿ ಕೂತರಲ್ಲ, ಅವರ ಬೇಡಿಕೆಗಳನ್ನು ಯೂನಿವರ್ಸಿಟಿಯವರು ಏನು ಮಾಡುತ್ತಾರೆ? ಮುಂದೆ ಅಂಥದ್ದು ನಡೆದಾಗ ನಾನೂ ಹೋಗಿ ಕೂರಬಹುದಾ? ಕೂತರೆ ಅಪ್ಪನಿಗೆ ಗೊತ್ತಾಗುತ್ತಾ?"

ಕೊನೆಯದಕ್ಕೆ ಉತ್ತರ ಸುಲಭ. ಫೆರ್ಪಾ ಎಂಬ ಕಾನೂನಿದೆ. ನೀನು ಬರೆದು ಒಪ್ಪಿಗೆ ಕೊಡದಿದ್ದರೆ, ಅಪ್ಪ ಶಿಡ್ಲಘಟ್ಟದಿಂದ ಎಷ್ಟು ಸಲ ಫೋನ್ ಮಾಡಿದರೂ ನಿನ್ನ ಗ್ರೇಡ್ ಆಗಲಿ ಶಿಸ್ತು ಕ್ರಮವಾಗಲಿ ಯೂನಿವರ್ಸಿಟಿಯವರು ಹೇಳುವುದಿಲ್ಲ. ಆದರೆ ನೀನು ತರಗತಿಯಿಂದ ಹೊರಬಿದ್ದರೆ ಅವರು ಅಮೆರಿಕ ಸರ್ಕಾರಕ್ಕೆ ತಿಳಿಸಲೇಬೇಕು. ತೊಡಕಿರುವುದು ಅಲ್ಲಿ.

ಮೊದಲು ಬೇಡಿಕೆಯ ವಿಷಯ. ನಮ್ಮಲ್ಲಿ ಡಿಸಿ ಕಚೇರಿ ಮುಂದೆ ಧರಣಿ ಕೂತರೆ ಸಂಜೆ ಹೊತ್ತಿಗೆ ಸಾಹೇಬರು ಬಂದು ಮನವಿ ಪತ್ರ ಇಸಕೊಂಡು "ಸರ್ಕಾರದ ಗಮನಕ್ಕೆ ತರುತ್ತೇನೆ" ಅನ್ನುತ್ತಾರೆ. ನೀರು ಕೊಡುವ ಅಧಿಕಾರ ಅವರಿಗಿಲ್ಲ. ಅದಕ್ಕೇ ಶಾಶ್ವತ ನೀರಾವರಿ ಹೋರಾಟದವರು 2016ರಲ್ಲಿ ಟ್ರ್ಯಾಕ್ಟರ್ ಹತ್ತಿ ಬೆಂಗಳೂರಿಗೇ ಹೊರಟಿದ್ದು. ಅಮೆರಿಕದಲ್ಲೂ ಟೆಂಟಿನ ಹತ್ತಿರ ಬಂದು ಮಾತಾಡುವ ಡೀನ್, ಪ್ರೆಸಿಡೆಂಟ್ ಇವರೆಲ್ಲ ಮನವಿ ಪತ್ರ ಇಸಕೊಳ್ಳುವವರು. ಹಣದ ಬೀಗದ ಕೈ ಇರುವುದು ಟ್ರಸ್ಟಿಗಳ ಮಂಡಳಿಯ ಕೈಯಲ್ಲಿ. ತುಮಕೂರು ವಿಶ್ವವಿದ್ಯಾಲಯದಲ್ಲಿ ಸಿಂಡಿಕೇಟ್ ಇದ್ದಂತೆ, ಆದರೆ ಅದಕ್ಕಿಂತ ಬಲವಾದದ್ದು. 2024ರ ಮೇ ತಿಂಗಳಲ್ಲಿ ಕ್ಯಾಲಿಫೋರ್ನಿಯಾದ ಸೊನೋಮಾ ಸ್ಟೇಟ್‌ನ ಪ್ರೆಸಿಡೆಂಟ್ ಮೇಲಿನವರನ್ನು ಕೇಳದೆ ವಿದ್ಯಾರ್ಥಿಗಳೊಂದಿಗೆ ಒಪ್ಪಂದ ಮಾಡಿಕೊಂಡರು. ಮಾರನೆಯ ದಿನವೇ ಅವರನ್ನು ರಜೆ ಮೇಲೆ ಕಳಿಸಿದರು, ಒಪ್ಪಂದವೂ ಹೋಯಿತು. ಸಹಿ ಹಾಕುವವರಿಗೆ ಸಹಿಯ ಅಧಿಕಾರ ಇದೆಯಾ ಅಂತ ಯಾರೂ ಕೇಳಿರಲಿಲ್ಲ.

ಬೇಡಿಕೆಗಳ ಪಟ್ಟಿ ಊರಿಂದೂರಿಗೆ ಹೆಚ್ಚು ಬದಲಾಗುವುದಿಲ್ಲ. ಹಣ ಎಲ್ಲಿ ಹೂಡಿದ್ದೀರಿ ಬಹಿರಂಗಪಡಿಸಿ, ಯುದ್ಧಕ್ಕೆ ಸಂಬಂಧಪಟ್ಟ ಕಂಪನಿಗಳಿಂದ ಹಣ ಹಿಂತೆಗೆಯಿರಿ, ಇಸ್ರೇಲಿನ ವಿಶ್ವವಿದ್ಯಾಲಯಗಳ ಜೊತೆಗಿನ ಒಡಂಬಡಿಕೆ ಬಿಡಿ, ನಮ್ಮ ಮೇಲಿನ ಕೇಸು ಕೈಬಿಡಿ. ಎರಡನೆಯದನ್ನು ಡೈವೆಸ್ಟ್‌ಮೆಂಟ್ ಅನ್ನುತ್ತಾರೆ. ಎಲ್ಲ ಮಾತುಕತೆ ಮುರಿದುಬೀಳುವುದು ಇದರಲ್ಲೇ.

ಕಾರಣ ನಿಮ್ಮೂರಿನವರಿಗೆ ಬೇಗ ಅರ್ಥವಾಗುತ್ತದೆ. ರೇಷ್ಮೆ ಗೂಡಿನ ಮಾರುಕಟ್ಟೆಯಲ್ಲಿ ಲಾಟ್ ಇರುವ ತನಕ ಅದು ಯಾವ ರೈತನದು ಅಂತ ಹೇಳಬಹುದು. ರೀಲರ್ ಕೊಂಡು, ಬೇಯಿಸಿ, ಏಳೆಂಟು ಗೂಡಿನ ಎಳೆ ಕೂಡಿಸಿ ನೂಲು ಬಿಚ್ಚಿದ ಮೇಲೆ ಇದು ಇಂಥವರ ಮನೆ ಗೂಡು ಅಂತ ಯಾರು ಬೇರೆ ಮಾಡುತ್ತಾರೆ? ದೊಡ್ಡ ವಿಶ್ವವಿದ್ಯಾಲಯದ ದತ್ತಿನಿಧಿಯ ಬಹುಭಾಗ ಹೊರಗಿನ ಮ್ಯಾನೇಜರ್‌ಗಳ ಫಂಡುಗಳಲ್ಲಿ, ಹಲವರ ಹಣದ ಜೊತೆ ಬೆರೆತು ಇರುತ್ತದೆ. ಒಂದು ಕಂಪನಿಯ ಷೇರು ಬೇಡ ಅಂದರೆ ಇಡೀ ಫಂಡಿನಿಂದ ಹೊರಬರಬೇಕು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಹೂಡಿಕೆ ಮುಖ್ಯಸ್ಥರು 2024ರ ಮೇನಲ್ಲಿ ಬೇಡಿಕೆಯನ್ನು ಅಕ್ಷರಶಃ ಹಿಡಿದು ಲೆಕ್ಕ ಕೊಟ್ಟರು: 175 ಬಿಲಿಯನ್ ಡಾಲರ್‌ನಲ್ಲಿ 32 ಬಿಲಿಯನ್ ಅದರ ವ್ಯಾಪ್ತಿಗೆ ಬರುತ್ತದೆ, ಅದರಲ್ಲಿ 12 ಬಿಲಿಯನ್ ಅಮೆರಿಕ ಸರ್ಕಾರದ್ದೇ ಬಾಂಡುಗಳು. ಬೇಡಿಕೆಯನ್ನು ಸಡಿಲವಾಗಿ ಬರೆದರೆ ಎದುರಿನವರು ಅದನ್ನು ಹೀಗೆ ಹಿಗ್ಗಿಸಿ "ನೋಡಿ, ಆಗದ ಮಾತು" ಅನ್ನುತ್ತಾರೆ. ಬ್ರೌನ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಹತ್ತೇ ಕಂಪನಿಗಳ ಹೆಸರು ಬರೆದಿದ್ದಕ್ಕೆ ವಿಷಯ ಕೊನೆಗೆ ಮತಕ್ಕಾದರೂ ಹೋಯಿತು. ಇನ್ನೊಂದು ಅಡ್ಡಿ: ಇಸ್ರೇಲ್ ಬಹಿಷ್ಕಾರದ ವಿರುದ್ಧ ಮೂವತ್ತಕ್ಕೂ ಹೆಚ್ಚು ರಾಜ್ಯಗಳಲ್ಲಿ ಒಂದಲ್ಲ ಒಂದು ಬಗೆಯ ಕಾನೂನಿದೆ. ಸರ್ಕಾರಿ ವಿಶ್ವವಿದ್ಯಾಲಯಗಳು ಮೊದಲು ಅದನ್ನೇ ತೋರಿಸುತ್ತವೆ.

ಹಾಗಂತ ಆಗಿಯೇ ಇಲ್ಲವೆಂದಲ್ಲ. ದಕ್ಷಿಣ ಆಫ್ರಿಕಾದ ವರ್ಣಭೇದದ ಕಾಲದಲ್ಲಿ ಹ್ಯಾಂಪ್‌ಶೈರ್ ಕಾಲೇಜು 1977ರಲ್ಲೇ ಅಲ್ಲಿ ವ್ಯವಹಾರವಿದ್ದ ಕಂಪನಿಗಳ ಷೇರು ಮಾರಿತು. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು 1985ರ ಏಪ್ರಿಲ್‌ನಲ್ಲಿ ಹ್ಯಾಮಿಲ್ಟನ್ ಹಾಲ್‌ನ ಬಾಗಿಲಿಗೆ ಅಡ್ಡ ಕೂತರು, ಟ್ರಸ್ಟಿಗಳು ಹೌದೆಂದದ್ದು ಅಕ್ಟೋಬರ್‌ನಲ್ಲಿ. ನಡುವೆ ಬೇಸಿಗೆ ರಜೆ ಬರುತ್ತದೆ, ಡೇರೆ ಹಾಕಿದವರಲ್ಲಿ ಅರ್ಧ ಜನ ಪದವಿ ಮುಗಿಸಿ ಹೋಗಿರುತ್ತಾರೆ. ಆಡಳಿತದವರಿಗೆ ಈ ಲೆಕ್ಕ ಚೆನ್ನಾಗಿ ಗೊತ್ತು. 2024ರಲ್ಲೂ ಹೀಗೇ: ಬ್ರೌನ್ ಏಪ್ರಿಲ್ 30ರಂದು ಒಪ್ಪಿಕೊಂಡದ್ದು "ಅಕ್ಟೋಬರ್‌ನಲ್ಲಿ ಮತಕ್ಕೆ ಹಾಕುತ್ತೇವೆ" ಅಂತ ಮಾತ್ರ. ಡೇರೆ ಅಂದೇ ಕಿತ್ತರು. ಅಕ್ಟೋಬರ್‌ನಲ್ಲಿ ಬಂದ ಉತ್ತರ "ಇಲ್ಲ". ರಟ್ಗರ್ಸ್ ವಿಶ್ವವಿದ್ಯಾಲಯ ಹತ್ತರಲ್ಲಿ ಎಂಟು ಬೇಡಿಕೆ ಒಪ್ಪಿತು. ಬಿಟ್ಟ ಎರಡು ಹಣ ಹಿಂತೆಗೆಯುವುದು ಮತ್ತು ಟೆಲ್ ಅವೀವ್ ವಿಶ್ವವಿದ್ಯಾಲಯದ ನಂಟು. ನಾರ್ತ್‌ವೆಸ್ಟರ್ನ್ ಹೂಡಿಕೆ ಬಗ್ಗೆ ಸಲಹಾ ಸಮಿತಿ, ಪ್ಯಾಲೆಸ್ಟೀನಿನ ವಿದ್ಯಾರ್ಥಿಗಳಿಗೆ ನೆರವು ಎಂದೆಲ್ಲ ಬರೆದುಕೊಟ್ಟಿತು. 2025ರ ನವೆಂಬರ್‌ನಲ್ಲಿ ಅಮೆರಿಕದ ಕೇಂದ್ರ ಸರ್ಕಾರಕ್ಕೆ 75 ಮಿಲಿಯನ್ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಾಗ ಆ ಒಪ್ಪಂದವನ್ನೇ ಕೈಬಿಟ್ಟಿತು. ಐರ್ಲೆಂಡಿನ ಡಬ್ಲಿನ್‌ನ ಟ್ರಿನಿಟಿ ಕಾಲೇಜು ಮಾತ್ರ ಐದೇ ದಿನಕ್ಕೆ ಬಗ್ಗಿತು. ಅಲ್ಲಿ ಮುಚ್ಚಿಹೋದದ್ದು ಹುಲ್ಲುಹಾಸಲ್ಲ, ಪ್ರವಾಸಿಗರು ಟಿಕೆಟ್ ಕೊಂಡು ನೋಡುವ ಹಳೆಯ ಹಸ್ತಪ್ರತಿ ಬುಕ್ ಆಫ್ ಕೆಲ್ಸ್‌ನ ದಾರಿ. ಅದಕ್ಕೂ ಮೊದಲು ವಿದ್ಯಾರ್ಥಿ ಸಂಘಕ್ಕೆ 2 ಲಕ್ಷ 14 ಸಾವಿರ ಯೂರೊ ದಂಡದ ಬಿಲ್ಲು ಕಳಿಸಿದ್ದರು ಅನ್ನುವುದನ್ನೂ ಮರೆಯಬೇಡ.

ಆದ್ದರಿಂದ ಆಡಳಿತದಿಂದ ಪತ್ರ ಬಂದಾಗ ಕ್ರಿಯಾಪದ ನೋಡು. "ಪರಿಶೀಲಿಸುತ್ತೇವೆ", "ಸಮಿತಿಯ ಮುಂದಿಡುತ್ತೇವೆ", "ಶಿಫಾರಸು ಮಾಡುತ್ತೇವೆ" ಇವು ಹಣದ ಮಾತಲ್ಲ. ಯಾವ ದಿನ, ಯಾವ ಮಂಡಳಿ, ಆ ಮಂಡಳಿಯ ನಿರ್ಣಯ ಅಂತಿಮವಾ ಅಥವಾ ಬರೀ ಸಲಹೆಯಾ, ಈ ಮೂರೂ ಇಲ್ಲದ ಪತ್ರ ಡೇರೆ ಕೀಳಿಸುವುದಕ್ಕೆ ಬರೆದದ್ದು. "ಕ್ಷಮೆ" ಇದ್ದರೆ ಅದು ಯಾವ ದಿನಾಂಕದವರೆಗೆ ಅಂತಲೂ ನೋಡು. ಕಾಲೇಜಿನ ಶಿಸ್ತು ಕೇಸನ್ನು ಕಾಲೇಜು ಬಿಡಬಹುದು, ಪೊಲೀಸ್ ಕೇಸನ್ನು ಬಿಡುವುದು ಸರ್ಕಾರಿ ವಕೀಲರು.

ಇನ್ನು ನಿನ್ನ ಮಾತು. ಕೊಲಂಬಿಯಾದಲ್ಲಿ 2024ರ ಏಪ್ರಿಲ್ 17ರಂದು ಡೇರೆ ಎದ್ದಿತು, 18ರಂದು ಪೊಲೀಸರು ನೂರಕ್ಕೂ ಹೆಚ್ಚು ಜನರನ್ನು ಹಿಡಿದರು. ಒಂದೇ ದಿನದ ಅಂತರ. ವಿಚಾರಣೆಗೂ ಮೊದಲೇ ಕೊಡುವ ತಾತ್ಕಾಲಿಕ ಅಮಾನತಿಗೆ ಇಂಟೆರಿಮ್ ಸಸ್ಪೆನ್ಷನ್ ಅನ್ನುತ್ತಾರೆ. ಇಮೇಲ್ ಬಂದ ಗಳಿಗೆಯಿಂದ ಐಡಿ ಕಾರ್ಡು ಬಾಗಿಲು ತೆರೆಯದೆ ಹೋಗಬಹುದು. ಅಲ್ಲೇ ಹುಟ್ಟಿದ ಹುಡುಗನಿಗೆ ಇದು ಒಂದು ಸೆಮಿಸ್ಟರ್‌ನ ನಷ್ಟ. ನಿನಗೆ ಹಾಗಲ್ಲ. ನಿನ್ನ ಎಫ್-1 ವಿದ್ಯಾರ್ಥಿ ವೀಸಾ ನಿಂತಿರುವುದು ಪೂರ್ಣಾವಧಿ ಓದಿನ ಮೇಲೆ, ಎಂ.ಎಸ್.ಗೆ ಹೆಚ್ಚಿನ ಕಡೆ ಸೆಮಿಸ್ಟರ್‌ಗೆ 9 ಕ್ರೆಡಿಟ್. ಕ್ಲಾಸಿಗೆ ಹೋಗುವಂತಿಲ್ಲ ಅಂದರೆ ಕ್ರೆಡಿಟ್ ಇಲ್ಲ. ನಿನ್ನ ಐ-20, ಅಂದರೆ ವೀಸಾಕ್ಕೆಂದು ಕಾಲೇಜು ಕೊಡುವ ಪ್ರವೇಶ ಪತ್ರ, ನೋಡಿಕೊಳ್ಳುವ ಕಾಲೇಜಿನ ಅಧಿಕಾರಿ ಡಿಎಸ್‌ಒ 21 ದಿನದೊಳಗೆ ಅದನ್ನು ಸೆವಿಸ್ ಎಂಬ ವಿದೇಶಿ ವಿದ್ಯಾರ್ಥಿಗಳ ಸರ್ಕಾರಿ ದಾಖಲೆಯಲ್ಲಿ ಹಾಕಲೇಬೇಕು. ಓದು ಮುಗಿಸಿದವರಿಗೆ ದೇಶ ಬಿಡಲು 60 ದಿನ, ಡಿಎಸ್‌ಒ ಒಪ್ಪಿಗೆ ಪಡೆದು ಕೋರ್ಸ್ ಬಿಟ್ಟವರಿಗೆ 15 ದಿನ, ನಿಯಮ ಮುರಿದರೆಂದು ದಾಖಲೆ ಮುಚ್ಚಿದರೆ ಒಂದು ದಿನವೂ ಇಲ್ಲ. ಆರ್‌ಎ (ಸಂಶೋಧನಾ ಸಹಾಯಕ) ಕೆಲಸದ ಸಂಬಳವೂ ಅದರ ಜೊತೆಗೇ ನಿಲ್ಲುತ್ತದೆ. ಜಮೀನಿನ ಪತ್ರ ಇಟ್ಟು ತಂದ ಸಾಲ ಮಾತ್ರ ನಿಲ್ಲುವುದಿಲ್ಲ. ಮರುಸ್ಥಾಪನೆಗೆ ಅರ್ಜಿ ಇದೆ, ಐದು ತಿಂಗಳೊಳಗೆ ಹಾಕಬೇಕು, ತಪ್ಪು ನಿನ್ನ ಕೈಮೀರಿದ್ದೆಂದು ತೋರಿಸಬೇಕು. ಡೇರೆಯಲ್ಲಿ ಮಲಗಿದ್ದನ್ನು ಹಾಗೆ ತೋರಿಸುವುದು ಕಷ್ಟ.

ಬಂಧನವಾದರೆ ಕೇಸು ವಜಾ ಆದರೂ ಸಾಲದು. ಮುಂದಿನ ವೀಸಾದ ಡಿಎಸ್-160 ಅರ್ಜಿ ಕೇಳುವುದು "ಎಂದಾದರೂ ಬಂಧನವಾಗಿತ್ತೇ" ಅಂತ, ಶಿಕ್ಷೆಯಾಗಿತ್ತೇ ಅಂತ ಮಾತ್ರವಲ್ಲ. ಗ್ರೀನ್ ಕಾರ್ಡ್ ಅರ್ಜಿಯೂ ಅದನ್ನೇ ಕೇಳುತ್ತದೆ. 2025ರ ಏಪ್ರಿಲ್ ಹೊತ್ತಿಗೆ ಸಾವಿರಾರು ವಿದ್ಯಾರ್ಥಿಗಳ ಸೆವಿಸ್ ದಾಖಲೆ ಮುಚ್ಚಿದಾಗ, ಗಾಡಿ ಓಡಿಸುವಾಗಿನ ಸಣ್ಣ ಕೇಸಿದ್ದವರೂ ಸಿಕ್ಕಿಬಿದ್ದರು. ಕೋರ್ಟುಗಳಿಗೆ ಹೋದ ಮೇಲೆ ಏಪ್ರಿಲ್ 25ರಂದು ವಾಪಸು ತೆರೆಯುವುದಾಗಿ ಸರ್ಕಾರ ಹೇಳಿತು. ಬರಹವೂ ಸುರಕ್ಷಿತವಲ್ಲ. ಟಫ್ಟ್ಸ್ ವಿಶ್ವವಿದ್ಯಾಲಯದ ವಿದೇಶಿ ಪಿಎಚ್‌ಡಿ ವಿದ್ಯಾರ್ಥಿನಿಯೊಬ್ಬರನ್ನು 2025ರ ಮಾರ್ಚ್‌ನಲ್ಲಿ ಹಿಡಿದು ಆರು ವಾರ ಇಟ್ಟರು. ಅವರು ಮಾಡಿದ್ದು ವಿದ್ಯಾರ್ಥಿ ಸೆನೆಟ್‌ನ ನಿರ್ಣಯಗಳಿಗೆ ವಿಶ್ವವಿದ್ಯಾಲಯ ಕೊಟ್ಟ ಉತ್ತರ ಸರಿಯಿಲ್ಲ ಅಂತ ಕಾಲೇಜು ಪತ್ರಿಕೆಗೆ ಮೂವರ ಜೊತೆ ಸೇರಿ ಬರೆದದ್ದು. ಕಾನೂನುಬದ್ಧವಾಗಿ ಇರುವ ವಿದೇಶಿಯರಿಗೂ ಅಲ್ಲಿನ ನಾಗರಿಕರಷ್ಟೇ ಮಾತಿನ ಸ್ವಾತಂತ್ರ್ಯ ಇದೆ ಅಂತ ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಬಾಸ್ಟನ್‌ನ ಫೆಡರಲ್ ನ್ಯಾಯಾಧೀಶರು ತೀರ್ಪು ಕೊಟ್ಟರು. ತೀರ್ಪು ಬರುವ ತನಕ ಎಲ್ಲಿರಬೇಕಾಗುತ್ತದೆ ಅನ್ನುವುದೂ ನಿನ್ನ ಲೆಕ್ಕದಲ್ಲಿರಲಿ.

ನನ್ನ ಮಾತು ಕೇಳುವುದಾದರೆ ಡೇರೆಯಲ್ಲಿ ಮಲಗಬೇಡ, ಕಟ್ಟಡದೊಳಗೆ ಕೂರುವುದಂತೂ ಬೇಡವೇ ಬೇಡ. 2025ರ ಮೇನಲ್ಲಿ ಕೊಲಂಬಿಯಾದ ಬಟ್ಲರ್ ಲೈಬ್ರರಿಯಲ್ಲಿ ಕೂತ ಪ್ರಕರಣದಲ್ಲಿ 70ಕ್ಕೂ ಹೆಚ್ಚು ವಿದ್ಯಾರ್ಥಿಗಳಿಗೆ ಶಿಕ್ಷೆಯಾಯಿತು, ಉಚ್ಚಾಟನೆಯೂ ಸೇರಿ. ಅನುಮತಿ ಪಡೆದ ಸಭೆಗೆ ಹೋಗುತ್ತೀಯಾದರೆ ಮೊದಲು ಕಾಲೇಜಿನ "ಸಮಯ, ಸ್ಥಳ, ರೀತಿ" ನಿಯಮ ಓದು: ಎಷ್ಟು ಗಂಟೆವರೆಗೆ, ಮೈಕ್ ಉಂಟಾ, ಮುಖಗವಸು ಹಾಕಬಹುದಾ. ಜಾಗ ಖಾಲಿ ಮಾಡಿ ಅಂತ ಮೊದಲ ಘೋಷಣೆ ಬಂದಾಗಲೇ ಹೊರಡು, ಎರಡನೆಯದಕ್ಕೆ ಕಾಯಬೇಡ. ವಿದ್ಯಾರ್ಥಿ ಸೆನೆಟ್ ಮತ್ತು ಹೂಡಿಕೆ ಸಲಹಾ ಸಮಿತಿಗಳಲ್ಲಿ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಎಷ್ಟೋ ಕಡೆ ಸೀಟು ಇರುತ್ತದೆ, ನಿಲ್ಲುವವರೇ ಇರುವುದಿಲ್ಲ. ಆಕಳಿಕೆ ಬರುವ ಸಭೆಗಳು, ಆದರೆ ಬೇಡಿಕೆ ಹೋಗಿ ಸೇರುವುದು ಅಲ್ಲಿಗೇ.

ಶಿಸ್ತು ಕಚೇರಿಯಿಂದ ಇಮೇಲ್ ಬಂದರೆ ಆ ದಿನವೇ ತೆರೆದು ನೋಡು, ಮೇಲ್ಮನವಿಗೆ ಕೆಲವೇ ಕೆಲಸದ ದಿನಗಳಿರುತ್ತವೆ. ಅಲ್ಲಿ ಸಂದೇಹಾತೀತ ಸಾಕ್ಷ್ಯ ಬೇಕಿಲ್ಲ, ಸಾಮಾನ್ಯವಾಗಿ ತಕ್ಕಡಿ ಒಂದು ಕಡೆ ಸ್ವಲ್ಪ ವಾಲಿದರೆ ಸಾಕು. ವಕೀಲರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಬಹುದು, ಹೆಚ್ಚಿನ ಕಡೆ ಅವರು ಬಾಯಿ ಬಿಡುವಂತಿಲ್ಲ. ಪೊಲೀಸ್ ಕೇಸೂ ಇದ್ದರೆ ಶಿಸ್ತು ವಿಚಾರಣೆಯಲ್ಲಿ ನೀನು ಆಡಿದ ಮಾತು ಕೋರ್ಟಿಗೂ ಬರಬಹುದು, ಆದ್ದರಿಂದ ವಕೀಲರನ್ನು ಕೇಳದೆ ಹೇಳಿಕೆ ಬರೆದುಕೊಡಬೇಡ. ಕ್ಯಾಂಪಸ್‌ನಲ್ಲಿ ವಿದ್ಯಾರ್ಥಿಗಳಿಗೆಂದು ಇರುವ ಪುಕ್ಕಟೆ ಕಾನೂನು ಸೇವೆ ವಿಶ್ವವಿದ್ಯಾಲಯದ ವಿರುದ್ಧವೇ ಇರುವ ಕೇಸು ತೆಗೆದುಕೊಳ್ಳದೆ ಇರಬಹುದು, ಹೊರಗೆ ವಲಸೆ ಕಾನೂನು ಬಲ್ಲ ವಕೀಲರೊಬ್ಬರ ನಂಬರ್ ಮೊದಲೇ ಕಾಗದದ ಮೇಲೆ ಬರೆದಿಟ್ಟುಕೋ. ಹಿಡಿದ ಮೇಲೆ ಫೋನ್ ನಿನ್ನ ಹತ್ತಿರ ಇರುವುದಿಲ್ಲ.