ಖಿನ್ನತೆಗೆ ಮಾತ್ರೆಯೋ, ಮಾತಿನ ಚಿಕಿತ್ಸೆಯೋ?
ಜಮಖಂಡಿಯಲ್ಲಿರುವ ಅಣ್ಣನಿಗೆ ಯಾವುದು ಸರಿ ಅಂತ ಕೇಳಿದ್ದೀರಿ. ಖಿನ್ನತೆ ಸ್ವಲ್ಪವೇ ಇದ್ದರೆ ಮಾತಿನ ಚಿಕಿತ್ಸೆ ಸಾಕಾಗಬಹುದು. ಊಟ, ನಿದ್ದೆ ಕೆಟ್ಟು ಹಾಸಿಗೆ ಬಿಟ್ಟು ಏಳುತ್ತಿಲ್ಲ ಅಂದರೆ ಸಾಮಾನ್ಯವಾಗಿ ಮಾತ್ರೆ ಬೇಕಾಗುತ್ತದೆ. ಅಂಥವರಿಗೆ ಎರಡೂ ಸೇರಿದರೆ ಗುಣ ಜಾಸ್ತಿ.

ಮಾತ್ರೆಯ ಗುಣ ಕಾಣಲು 2ರಿಂದ 4 ವಾರ ಬೇಕು. ಹೊಟ್ಟೆ ತೊಳಸುವುದು ಮಾತ್ರ ಮೊದಲ ವಾರವೇ ಬರಬಹುದು! ಅದಕ್ಕೇ ಎಷ್ಟೋ ಜನ ನಡುವೆಯೇ ಬಿಡುತ್ತಾರೆ. ಆರಾಮಾದ ಮೇಲೂ ಕನಿಷ್ಠ 6 ತಿಂಗಳು ತಗೋಬೇಕು, ಡಾಕ್ಟರನ್ನು ಕೇಳದೆ ನಿಲ್ಲಿಸಬಾರದು.

ಮಾತಿನ ಚಿಕಿತ್ಸೆ ಅಂದರೆ ಸುಮ್ನೆ ಸಮಾಧಾನ ಹೇಳೋದಲ್ಲ. ‘ನನ್ನಿಂದ ಏನೂ ಆಗಲ್ಲ’ ಅನ್ನೋ ಯೋಚನೆ ನಿಜವೇ ಅಂತ ಒರೆಗೆ ಹಚ್ಚುತ್ತಾರೆ. ಕಲಿತದ್ದು ಆಮೇಲೂ ಕೈಹಿಡಿಯುತ್ತದೆ. ಆದರೆ ತಾಲ್ಲೂಕಿನಲ್ಲಿ ಇದನ್ನು ಮಾಡುವವರು ಸಿಗುವುದೇ ಕಷ್ಟ, ಅಲ್ವಾ? ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಉಚಿತ, ಕನ್ನಡದಲ್ಲೇ ಮಾತಾಡಬಹುದು. ಸಾಯುವ ಮಾತಾಡಿದರೆ ಕಾಯಬೇಡಿ, ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.