ಲಾಗಿನ್ ಮೊದ್ಲೋ, ಥ್ರೆಡ್ ಮೊದ್ಲೋ?

ಪ್ರಶ್ನೆ: ಸರ್, ನಾವು ನಾಲ್ಕು ಜನ ಯುನಿಕ್ಸ್ ಥರದ ಒಂದು ಸಣ್ಣ ಓಪನ್ ಸೋರ್ಸ್ ಓಎಸ್‌ಗೆ ಕೋಡ್ ಬರೀತಾ ಇದ್ದೇವೆ. ಮುಂದಿನ ರಿಲೀಸಿಗೆ ಎರಡು ಕೆಲಸ ಬಾಕಿ ಉಂಟು. ಪಾಸ್‌ವರ್ಡನ್ನ ಗುರುತು ಸಿಗದ ಹಾಗೆ ಕಲಸಿಡೋ ಹಳೇ ಡಿಇಎಸ್ ಕ್ರಿಪ್ಟ್ ತೆಗೆದು ಲಾಗಿನ್ ಗಟ್ಟಿ ಮಾಡೋದು, ಲೈಬ್ರರಿಯನ್ನ ಥ್ರೆಡ್ ಸೇಫ್ ಮಾಡೋದು, ಅಂದ್ರೆ ಒಂದೇ ಪ್ರೋಗ್ರಾಮಿನೊಳಗೆ ಒಟ್ಟಿಗೇ ಓಡೋ ಹಲವು ಥ್ರೆಡ್ಡುಗಳು ಒಮ್ಮೆಲೇ ಕರೆದ್ರೂ ಎಡವಟ್ಟಾಗದ ಹಾಗೆ ಮಾಡೋದು. ಯಾವ್ದು ಮೊದ್ಲು ಅಂತ ನಮ್ಮೊಳಗೇ ಜಗಳ.
– ಓದುಗ, ಬದಿಯಡ್ಕ

ಉತ್ತರ: ಎರಡೂ ಬೇರೆ ಬೇರೆ ಕೆಲಸ ಅಂದ್ಕೊಂಡದ್ದೇ ತಾಪತ್ರಯ ಮಾರಾಯ್ರೆ. ಯೂಸರ್ ಹೆಸರು ಕೊಟ್ರೆ ಅವನ ವಿವರ ತಂದುಕೊಡೋ ಗೆಟ್‌ಪಿಡಬ್ಲ್ಯೂನ್ಯಾಮ್ ಫಂಕ್ಷನ್ ಉಂಟಲ್ಲ, ಅದು ಉತ್ತರವನ್ನ ಸಾಮಾನ್ಯವಾಗಿ ಒಂದೇ ಸ್ಟ್ಯಾಟಿಕ್ ಬಫರಲ್ಲಿ ಬರೆದಿಡ್ತದೆ, ಇಡೀ ಕ್ಲಾಸಿಗೆ ಒಂದೇ ಸ್ಲೇಟು ಇದ್ದ ಹಾಗೆ, ಒಂದು ಥ್ರೆಡ್ಡು ಓದಿ ಮುಗಿಸೋದ್ರೊಳಗೆ ಇನ್ನೊಂದು ಬಂದು ಒರೆಸಿ ತನ್ನದು ಬರೆದುಬಿಡ್ತದೆ. ಕ್ರಿಪ್ಟ್ ಕೂಡ ಅದೇ ಜಾತಿ. ಲಾಗಿನ್ ಸರ್ವರಲ್ಲಿ ಹೀಗಾದ್ರೆ ತನ್ನ ಪಾಸ್‌ವರ್ಡ್ ಕೊಟ್ಟು ಒಳಗೆ ಬಂದವ ಬೇರೆಯವನ ಐಡಿ ಹಿಡ್ಕೊಂಡು ಕೂತಿರ್ಬಹುದು, ಅದೂ ಯಾವಾಗ್ಲೋ ಒಮ್ಮೆ, ನೀವು ಟೆಸ್ಟ್ ಮಾಡುವಾಗಂತೂ ಆಗೋದೇ ಇಲ್ಲ. ಹಾಗಾಗಿ ಲಾಗಿನ್ ದಾರಿಯಲ್ಲಿ ಬರೋ ಫಂಕ್ಷನ್ನುಗಳನ್ನ ಮಾತ್ರ ಮೊದ್ಲು ಹುಡುಕಿ, ಹೆಸರಿನ ಕೊನೆಯಲ್ಲಿ ಅಂಡರ್‌ಸ್ಕೋರ್ ಆರ್ (_r) ಇರೋ ರೂಪಕ್ಕೆ ತನ್ನಿ. ಅಲ್ಲಿ ಕರೆದವನೇ ತನ್ನ ಸ್ಲೇಟು ತರ್ತಾನೆ. ಉಳಿದ ಲೈಬ್ರರಿ ಆಮೇಲೆ.

ಇನ್ನು ಹ್ಯಾಷು, ಅಂದ್ರೆ ಪಾಸ್‌ವರ್ಡಿನ ಬದಲು ಇಟ್ಟುಕೊಳ್ಳೋ ಅದರ ಕಲಸಿದ ರೂಪ. ಹಳೇ ಡಿಇಎಸ್ ಕ್ರಿಪ್ಟ್ ಮೊದಲ 8 ಅಕ್ಷರ ಬಿಟ್ಟು ಮುಂದಿನದ್ದು ನೋಡೋದೇ ಇಲ್ಲ. ಕಾಸರಗೋಡ್ ಅಂತ ಇಂಗ್ಲಿಷಲ್ಲಿ ಹೊಡೆದ್ರೆ 9 ಅಕ್ಷರ, ಕೊನೇ ಡಿ ಲೆಕ್ಕಕ್ಕಿಲ್ಲ, ಅದರ ಹಿಂದೆ ನಮ್ಮವರು ಮರೀಬಾರ್ದು ಅಂತ ಸೇರಿಸೋ 1956 ಕೂಡ ಇಲ್ಲ. ಬಿಕ್ರಿಪ್ಟ್ ಅನ್ನೋ ಹ್ಯಾಷ್ ಹಾಕಿ, ಓಪನ್‌ಬಿಎಸ್‌ಡಿ ಅನ್ನೋ ಓಎಸ್‌ನವರದ್ದು, ಅದರ ಪ್ರಬಂಧ ಬಂದದ್ದೇ 1999ರಲ್ಲಿ, ಸ್ವಂತ ಹ್ಯಾಷ್ ಬರೆಯೋ ಹುಚ್ಚು ಬೇಡ. ಹಳೇ ಹ್ಯಾಷಿಂದ ಪಾಸ್‌ವರ್ಡ್ ವಾಪಸ್ ಬರೋದಿಲ್ಲ, ಅದಕ್ಕೆ ಯೂಸರ್ ಲಾಗಿನ್ ಆದಾಗ ಸದ್ದಿಲ್ಲದೆ ಹೊಸದಕ್ಕೆ ಬದಲಾಯಿಸೋದು ಸುಮಾರು ಕಡೆ ವಾಡಿಕೆ. ನಿಮ್ಮಲ್ಲಿ ಅದು ಬೇಡ. ಒಂಬತ್ತನೇ ಅಕ್ಷರ ತಪ್ಪು ಹೊಡೆದವನೂ ಹಳೇದ್ರಲ್ಲಿ ಪಾಸು, ಆ ತಪ್ಪೇ ಹೊಸ ಪಾಸ್‌ವರ್ಡಾಗಿ ಕೂತ್ಕೊಳ್ತದೆ, ಮರುದಿನ ಸರಿಯಾಗಿ ಹೊಡೆದ್ರೆ ಬಾಗಿಲು ಬಂದ್. ಹೊಸ ಪಾಸ್‌ವರ್ಡನ್ನ ಅವರ ಕೈಯಲ್ಲೇ ಎರಡು ಸಲ ಹೊಡೆಸಿ.

ಪ್ರಶ್ನೆ: ಒಂದು ಸಲಕ್ಕೆ ಒಂದೇ ಥ್ರೆಡ್ ಒಳಗೆ ಹೋಗೋ ಹಾಗೆ ಎಲ್ಲದಕ್ಕೂ ಸೇರಿ ಒಂದೇ ದೊಡ್ಡ ಲಾಕ್ ಹಾಕಿದ್ರೆ ಆಗೋದಿಲ್ವಾ?
– ಅದೇ ಗುಂಪಿನ ಇನ್ನೊಬ್ಬ, ನೀರ್ಚಾಲು

ಉತ್ತರ: ತಾತ್ಕಾಲಿಕಕ್ಕೆ ಆದೀತು. ಲಿನಕ್ಸಿನವರೂ 1996ರಲ್ಲಿ 2.0 ಕರ್ನೆಲ್ಲಿಗೆ (ಓಎಸ್‌ನ ತಿರುಳಿಗೆ) ಅಂಥದ್ದೇ ಒಂದು ಹಾಕಿದ್ರು, ಪೂರ್ತಿ ಕಿತ್ತು ಹಾಕುವಾಗ 2011 ಆಗಿತ್ತು! ಆದ್ರೆ ಮೇಲಿನ ಸ್ಲೇಟಿನ ಕಾಯಿಲೆಗೆ ಅದು ಮದ್ದೇ ಅಲ್ಲ, ಫಂಕ್ಷನ್ನಿನ ಒಳಗೆ ಲಾಕ್ ಹಿಡಿದು ಬಿಟ್ಟ ಮೇಲೂ ನಿಮ್ಮ ಕೈಯಲ್ಲಿರೋ ಪಾಯಿಂಟರ್, ಅಂದ್ರೆ ವಿಳಾಸ, ಅದೇ ಸ್ಲೇಟಿಗೇ. ಮುಂದೆ ಆ ಲಾಕನ್ನ ಒಡೆದು ಸಣ್ಣ ಸಣ್ಣ ಲಾಕ್ ಮಾಡುವಾಗ, ತೋಟದಲ್ಲಿ ಮದ್ದು ಬಿಡೋ ದಿನ ಒಬ್ಬ ದೋಟಿ (ಉದ್ದ ಕೋಲು) ಹಿಡ್ಕೊಂಡು ಪಂಪಿಗೆ ಕಾಯೋದು, ಇನ್ನೊಬ್ಬ ಪಂಪು ಹಿಡ್ಕೊಂಡು ದೋಟಿಗೆ ಕಾಯೋದು ಅಂತ ಆಗ್ತದೆ, ಸಂಜೆಯಾದ್ರೂ ಒಂದು ಮರಕ್ಕೂ ಮದ್ದು ಬೀಳೋದಿಲ್ಲ. ಮೊದ್ಲು ದೋಟಿ, ಆಮೇಲೆ ಪಂಪು ಅಂತ ಲಾಕ್ ಹಿಡಿಯೋ ಕ್ರಮವನ್ನ ಈಗ್ಲೇ ಬರೆದಿಡಿ, ನಾಲ್ಕೂ ಜನಕ್ಕೆ ಅದೇ ಕ್ರಮ.