ಮೂರು ಹೊತ್ತೂ ಉಣ್ಣಲಿ ಬಿಡಿ

ಓದುಗರ ಪತ್ರ: ಹಿರಿಯರಿಗೆ ಪ್ರೋಟೀನ್ ಹೆಚ್ಚು ಕೊಡಿ ಎಂದು ಹೋದ ಸಂಚಿಕೆಯಲ್ಲಿ ಬರೆದಿದ್ದೀರಿ. ನಾನು ಒಪ್ಪುವುದಿಲ್ಲ. ನಮ್ಮ ತಂದೆಗೆ 76. ಬೆಳಿಗ್ಗೆ ಒಂದು ಲೋಟ ಹಾಲು, ಎರಡು ತುಂಡು ಬ್ರೆಡ್. ಮಧ್ಯಾಹ್ನ ಸ್ವಲ್ಪ ಅನ್ನ, ತಿಳಿಬೇಳೆ, ಪಲ್ಯ. ರಾತ್ರಿ ಗಂಜಿ, ಒಂದು ಬಾಳೆಹಣ್ಣು. ಆರು ತಿಂಗಳಲ್ಲಿ 60 ಕೆ.ಜಿ.ಯಿಂದ 56ಕ್ಕೆ ಇಳಿದು ಹಗುರಾಗಿದ್ದಾರೆ. ಒಂದು ಹೊತ್ತು ಉಂಡವ ಯೋಗಿ, ಮೂರು ಹೊತ್ತು ಉಂಡವ ರೋಗಿ ಅನ್ನುವುದು ಸುಳ್ಳೇ? ಕಡಿಮೆ ತಿಂದ ಇಲಿ ಹೆಚ್ಚು ಬಾಳುತ್ತದೆಂದು ವಿಜ್ಞಾನವೇ ಹೇಳಿಲ್ಲವೇ? ವೆನಿಸ್‌ನ ಲುಯಿಜಿ ಕೊರ್ನಾರೊ ದಿನಕ್ಕೆ 12 ಔನ್ಸ್ ತಿಂದೇ ಮುಪ್ಪನ್ನು ಗೆಲ್ಲಲಿಲ್ಲವೇ?

ಸಂಪಾದಕರ ಉತ್ತರ: ಹದಿನಾರನೇ ಶತಮಾನದ ಕೊರ್ನಾರೊವರೆಗೆ ಹೋಗಿ ಬಂದಿದ್ದೀರಿ. ಇಂಥ ಓದುಗರು ಜಗಳವಾಡಿದರೂ ಚೆನ್ನ. ಆದರೆ ಆ 12 ಔನ್ಸಿನಲ್ಲಿ ಬ್ರೆಡ್ಡಿನ ಜೊತೆ ಮೊಟ್ಟೆಯ ಹಳದಿ, ಮಾಂಸ, ಸೂಪು ಇದ್ದವು. ಪಕ್ಕದಲ್ಲಿ 14 ಔನ್ಸ್ ವೈನೂ ಇತ್ತು. ಅದನ್ನು ನೀವು ಜಾಣತನದಿಂದ ಬಿಟ್ಟಿದ್ದೀರಿ.

ಇಲಿಯ ಮಾತೂ ನಿಜವೇ. ಕಾರ್ನೆಲ್ ವಿಶ್ವವಿದ್ಯಾಲಯದ ಕ್ಲೈವ್ ಮೆಕ್‌ಕೇ 1935ರಲ್ಲೇ ಅದನ್ನು ತೋರಿಸಿದರು. ಆದರೆ ಅವರು ಊಟ ಕಡಿತ ಮಾಡಿದ್ದು ಎಳೆಯ ಇಲಿಗಳಿಗೆ, ಮುದಿ ಇಲಿಗಳಿಗಲ್ಲ. ಮನುಷ್ಯರ ಮೇಲೆ ಎರಡು ವರ್ಷ ನಡೆದ ಕ್ಯಾಲರಿ ಕಡಿತದ ದೊಡ್ಡ ಅಧ್ಯಯನಕ್ಕೂ 50 ದಾಟಿದವರನ್ನು ಸೇರಿಸಿಕೊಳ್ಳಲೇ ಇಲ್ಲ. ನಡುವಯಸ್ಸಿನಲ್ಲಿ ಹೊಟ್ಟೆ ಬೆಳೆಸಿಕೊಂಡವರು ತಟ್ಟೆ ಚಿಕ್ಕದು ಮಾಡಿಕೊಳ್ಳಲಿ, ರಾತ್ರಿ ಬೇಗ ಉಣ್ಣಲಿ, ನಮ್ಮದೇನೂ ತಕರಾರಿಲ್ಲ. ಅದನ್ನೇ ತಂದು 76ರವರ ತಟ್ಟೆಗೆ ಹಚ್ಚುವುದು ಬೇಡ.

ನಿಮ್ಮ ತಂದೆ ಹಗುರಾಗಿಲ್ಲ, ಸವೆದಿದ್ದಾರೆ. 60ರಲ್ಲಿ 4 ಕೆ.ಜಿ. ಅಂದರೆ ಸುಮಾರು ಶೇ 6.7. ತಾನಾಗಿ ಇಳಿದ ತೂಕ ಆರು ತಿಂಗಳಲ್ಲಿ ಶೇ 5 ದಾಟಿತೆಂದರೆ ವೈದ್ಯರು ಕಾರಣ ಹುಡುಕಲೇಬೇಕು: ಥೈರಾಯ್ಡ್, ಸಕ್ಕರೆ ಕಾಯಿಲೆ, ಗಡ್ಡೆ, ಖಿನ್ನತೆ, ಸಡಿಲವಾದ ಹಲ್ಲಿನ ಸೆಟ್ಟು, ಹಸಿವು ಕೊಲ್ಲುವ ಮಾತ್ರೆ. ಆ ತಪಾಸಣೆ ಮೊದಲು, ಅಡುಗೆ ಆಮೇಲೆ.

ಮುಪ್ಪಿನಲ್ಲಿ ಸ್ನಾಯು ಕರಗುವುದಕ್ಕೆ ಅಮೆರಿಕದ ಪೋಷಣಾ ವಿಜ್ಞಾನಿ ಅರ್ವಿನ್ ರೋಸೆನ್‌ಬರ್ಗ್ 1989ರಲ್ಲಿ ಸಾರ್ಕೊಪೀನಿಯಾ ಎಂದು ಹೆಸರಿಟ್ಟರು. ಅಲ್ಲಿಯವರೆಗೆ ಅದಕ್ಕಿದ್ದ ಹೆಸರು ‘ವಯಸ್ಸಾಯ್ತಲ್ಲ’. ಬಹಳ ಮನೆಗಳಲ್ಲಿ ಈಗಲೂ ಅದೇ. ವಯಸ್ಸಾದ ಸ್ನಾಯುವಿಗೆ ಕಿವಿ ಮಂದ ಅಂದುಕೊಳ್ಳಿ. ಎಳೆಯರಲ್ಲಿ ಒಂದು ಹೊತ್ತಿಗೆ ಪ್ರತಿ ಕೆ.ಜಿ. ತೂಕಕ್ಕೆ 0.24 ಗ್ರಾಂ ಪ್ರೋಟೀನ್ ಬಿದ್ದರೆ ಸ್ನಾಯು ಕಟ್ಟುವ ಕೆಲಸ ಪೂರ್ತಿ ಚುರುಕಾಗುತ್ತದೆ. ಹಿರಿಯರಲ್ಲಿ ಅಷ್ಟೇ ಚುರುಕಿಗೆ 0.4 ಗ್ರಾಂ ಬೇಕು. ಆದ್ದರಿಂದಲೇ ವಯಸ್ಕರಿಗೆ ದಿನಕ್ಕೆ ಕೆ.ಜಿ.ಗೆ 0.8 ಗ್ರಾಂ ಎನ್ನುವ ಹಳೆಯ ಲೆಕ್ಕವನ್ನು ಬಿಟ್ಟು, ಹಿರಿಯರಿಗೆ 1ರಿಂದ 1.2 ಗ್ರಾಂ ಇರಲಿ ಎಂದು 2013ರಲ್ಲಿ ತಜ್ಞರ ಗುಂಪೊಂದು ಹೇಳಿತು. ನಿಮ್ಮ ತಂದೆಗೆ ಅದು 56ರಿಂದ 67 ಗ್ರಾಂ, ಹೊತ್ತಿಗೆ ಸುಮಾರು 20.

ಈಗ ನೀವು ಬರೆದ ಊಟವನ್ನೇ ಎಣಿಸೋಣ. ಹಾಲು, ಬ್ರೆಡ್ಡು ಸೇರಿ 11 ಗ್ರಾಂ. ತಿಳಿಬೇಳೆ ಎಂದರೆ ಬಹುಪಾಲು ನೀರು. ಮಧ್ಯಾಹ್ನದ್ದೆಲ್ಲ ಸೇರಿದರೂ 12 ದಾಟದು. ಗಂಜಿ, ಬಾಳೆಹಣ್ಣು ಹೆಚ್ಚೆಂದರೆ 4. ದಿನಕ್ಕೆ 27! ಹಳೆಯ ಲೆಕ್ಕಕ್ಕೂ ಇದು ಸಾಲದು.

ಗಂಜಿಯನ್ನು ಬಿಡಿಸಬೇಕಿಲ್ಲ, ಗಟ್ಟಿಗೊಳಿಸಿದರೆ ಸಾಕು. ನೀರು ಕಡಿಮೆ ಮಾಡಿ 200 ಮಿ.ಲೀ. ಹಾಲಿನಲ್ಲಿ ಬೇಯಿಸಿ. ಕೆನೆ ತೆಗೆದ ಹಾಲಿನ ಪುಡಿ 20 ಗ್ರಾಂ, ಅಂದರೆ ಎರಡು ದೊಡ್ಡ ಚಮಚ, ಬೇರೆ ಬಟ್ಟಲಲ್ಲಿ ತಣ್ಣನೆಯ ಹಾಲಿಗೆ ಹಾಕಿ ಗಂಟಿಲ್ಲದಂತೆ ಕಲೆಸಿಕೊಳ್ಳಿ. ಗಂಜಿ ಒಲೆಯಿಂದ ಇಳಿದ ಮೇಲೆ ಬೆರೆಸಿ. ಕುದಿಯುವಾಗಲೇ ಪುಡಿ ಸುರಿದರೆ ಗಂಟು ಕಟ್ಟುತ್ತದೆ, ತಳ ಹಿಡಿಯುತ್ತದೆ, ಸೀದ ವಾಸನೆಗೆ ಬಟ್ಟಲು ಹಾಗೇ ವಾಪಸ್ ಬರುತ್ತದೆ. ಆಗ ನೀವು ‘ಅವರಿಗೆ ಸೇರುವುದಿಲ್ಲ’ ಅನ್ನುತ್ತೀರಿ. ನುಣ್ಣಗೆ ಅರೆದ ಕಡಲೆಬೀಜ 15 ಗ್ರಾಂ ಸೇರಿಸಿದರೆ ಅದೇ ಬಟ್ಟಲಲ್ಲಿ ಸುಮಾರು 20 ಗ್ರಾಂ. ಬೆಳಿಗ್ಗೆ ಬ್ರೆಡ್ಡಿನ ಜೊತೆ ಎರಡು ಮೊಟ್ಟೆ ಇದ್ದರೆ 12 ಗ್ರಾಂ ಕೂಡಿತು. ಮಧ್ಯಾಹ್ನ ತಲೆಗೆ 50 ಗ್ರಾಂ ಬೇಳೆ ಅಳೆದು ಹಾಕಿ, ಗಟ್ಟಿಯಾಗಿ ಬೇಯಿಸಿ, ಒಂದು ಬಟ್ಟಲು ಮೊಸರು ಕೊಡಿ. ಹೊಟ್ಟೆ ಉಬ್ಬರಿಸುತ್ತದೆ ಅಂದರೆ ಸಿಪ್ಪೆ ತೆಗೆದ ಬೇಳೆಯಿಂದ ಶುರುಮಾಡಿ, ಎರಡು ವಾರದಲ್ಲಿ ಪ್ರಮಾಣ ಏರಿಸಿ. ನೀರು ಕೇಳುವವರೆಗೆ ಕಾಯಬೇಡಿ. ಈ ವಯಸ್ಸಿನಲ್ಲಿ ಬಾಯಾರಿಕೆಯೇ ಮಂಕಾಗಿರುತ್ತದೆ.

ಡಬ್ಬಿಯಲ್ಲಿ ಬರುವ ಪ್ರೋಟೀನ್ ಪುಡಿ ಕೊಳ್ಳಲೇ ಎಂದು ಇನ್ನೊಂದಿಷ್ಟು ಪತ್ರಗಳೂ ಬಂದಿವೆ. ಊಟಕ್ಕೆ ಅರ್ಧ ಗಂಟೆ ಮುಂಚೆ ದೊಡ್ಡ ಲೋಟ ಕೊಟ್ಟು ‘ಊಟವೇ ಸೇರುತ್ತಿಲ್ಲ’ ಎಂದು ಕೊರಗುವವರೇ ಹೆಚ್ಚು. ಕೊಡುವುದಿದ್ದರೆ ಊಟದ ಮೇಲೋ ಎರಡು ಊಟಗಳ ನಡುವೆಯೋ ಕೊಡಿ.

ನುಂಗುವಾಗ ಕೆಮ್ಮು ಬಂದರೆ ವೈದ್ಯರಿಗೆ ತೋರಿಸಿ. ಮೂತ್ರಪಿಂಡದ ಶೋಧನಾ ಪ್ರಮಾಣ (ರಕ್ತ ಪರೀಕ್ಷೆಯ ವರದಿಯಲ್ಲಿ eGFR) 30ಕ್ಕಿಂತ ಕೆಳಗಿದ್ದು ಡಯಾಲಿಸಿಸ್ ಇಲ್ಲದವರಿಗೆ ಮೇಲಿನ ಲೆಕ್ಕ ಸಲ್ಲದು. ಪಾರ್ಕಿನ್ಸನ್‌ಗೆ ಲೆವೊಡೊಪಾ ತೆಗೆದುಕೊಳ್ಳುವವರಲ್ಲಿ ಪ್ರೋಟೀನ್ ಆ ಔಷಧಿಗೆ ಅಡ್ಡ ಬರುತ್ತದೆ, ಹೊತ್ತು ಹೊಂದಿಸಿಕೊಳ್ಳಬೇಕು. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್, ಆಮ್ಲ ತಗ್ಗಿಸುವ ಮಾತ್ರೆ ವರ್ಷಗಟ್ಟಲೆ ನುಂಗಿದವರು ಬಿ12 ಪರೀಕ್ಷೆ ಮಾಡಿಸಲಿ.

ಇನ್ನು ನಮ್ಮ ಹಳೆಯ ಸಿಟ್ಟು. 45ನೇ ವಯಸ್ಸಿನಲ್ಲಿ ಯಾರೋ ಬರೆದುಕೊಟ್ಟ ‘ಬೇಡ’ಗಳ ಪಟ್ಟಿ 80ರವರೆಗೂ ಅಡುಗೆಮನೆ ಗೋಡೆಯ ಮೇಲೆ ನೇತಾಡುತ್ತಿರುತ್ತದೆ. ಒಬ್ಬ ವೈದ್ಯರು ಉಪ್ಪು ಹೊಡೆದುಹಾಕುತ್ತಾರೆ, ಇನ್ನೊಬ್ಬರು ಎಣ್ಣೆ, ಮೂರನೆಯವರು ಸಿಹಿ. ಸೇರಿಸಿ ಎನ್ನುವವರು ಒಬ್ಬರೂ ಇಲ್ಲ. ಮೊದಲೇ ಮೂಗು ಮಂದವಾದ ಹಿರಿಯರ ಮುಂದೆ ರುಚಿಯಿಲ್ಲದ ತಟ್ಟೆ ಇಟ್ಟು, ಒಬ್ಬರನ್ನೇ ಕೂರಿಸಿ, ಅವರು ಅರ್ಧ ಬಿಟ್ಟೆದ್ದರೆ ಸಂಯಮ ಎಂದು ಹೊಗಳುತ್ತೇವೆ. ಪಟ್ಟಿ ಹಳೆಯದಾಗಿದ್ದರೆ ವೈದ್ಯರ ಮುಂದಿಟ್ಟು ಯಾವುದನ್ನು ಸಡಿಲಿಸಬಹುದು ಎಂದು ಕೇಳಿ. ಬಿದ್ದವರನ್ನು ಮಲಗಿಸಿಯೇ ಇಡುವುದೂ ಇದೇ ಜಾತಿಯ ಕಾಳಜಿ. 2007ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಆರೋಗ್ಯವಂತ ಹಿರಿಯರನ್ನು ಹತ್ತು ದಿನ ಹಾಸಿಗೆಯಲ್ಲಿಟ್ಟರು; ಕಾಲುಗಳಿಂದಲೇ ಸುಮಾರು ಒಂದು ಕೆ.ಜಿ. ಸ್ನಾಯು ಹೋಗಿತ್ತು.

ಹಾಗೆಂದು ಉಣಿಸಿ ಕೂರಿಸಿದರೂ ಆಗದು. ಕೂತು ಉಂಡರೆ ಕುಡಿಕೆ ಹೊನ್ನು ಸಾಲದು. ಅಮೆರಿಕದ ವೈದ್ಯೆ ಮರಿಯಾ ಫಿಯಾಟರೋನ್ 1994ರಲ್ಲಿ ಸರಾಸರಿ 87 ವಯಸ್ಸಿನ ನೂರು ಜನರ ಅಧ್ಯಯನ ಪ್ರಕಟಿಸಿದರು. ಹತ್ತು ವಾರ ಭಾರ ಎತ್ತಿದವರ ಬಲ ಇಮ್ಮಡಿಗೂ ಹೆಚ್ಚಾಯಿತು; ಬರೀ ಪೋಷಕ ಪಾನೀಯ ಕುಡಿದವರದು ಆಗಲಿಲ್ಲ.

ಆದ್ದರಿಂದ ಇವತ್ತೇ ಎರಡು ಅಳತೆ ತೆಗೆಯಿರಿ. ತಂದೆಯವರನ್ನು ಗೋಡೆಗೆ ಒತ್ತಿಟ್ಟ ಕುರ್ಚಿಯಲ್ಲಿ ಕೂರಿಸಿ, ಕೈಗಳನ್ನು ಎದೆಗೆ ಕಟ್ಟಿಸಿ, ಐದು ಸಲ ಪೂರ್ತಿ ಎದ್ದು ಕೂರಲು ಹೇಳಿ. ನೀವು ಪಕ್ಕದಲ್ಲೇ ನಿಂತಿರಿ. 15 ಸೆಕೆಂಡ್ ದಾಟಿದರೆ ಕಾಲಿನ ಬಲ ಕುಂದಿದೆ. ಮೀನಖಂಡದ ಅತಿ ದಪ್ಪ ಭಾಗಕ್ಕೆ ಟೇಪು ಸುತ್ತಿ, 31 ಸೆಂ.ಮೀ.ಗಿಂತ ಕಡಿಮೆ ಇದೆಯೇ ನೋಡಿ; ಇದ್ದರೆ ಅದು ಸ್ನಾಯು ಕರಗಿರುವ ಸೂಚನೆ. ಎರಡು ಸಂಖ್ಯೆಗಳನ್ನೂ ತಾರೀಖಿನ ಸಮೇತ ವೈದ್ಯರ ಚೀಟಿಯ ಹಿಂದೆ ಬರೆದಿಡಿ. ಮೂರು ತಿಂಗಳ ಮೇಲೆ ಮತ್ತೆ ಅಳೆದು ನಮಗೂ ತಿಳಿಸಿ. ಜಗಳ ಬಾಕಿಯಿದ್ದರೆ ಆಗ ಮುಂದುವರಿಸೋಣ.